ವೈರ್‌ಲೆಸ್ ಸರ್ಟಿಫಿಕೇಟ್: ಯಾರಿಗೆ ಯಾವುದು, ಯಾವಾಗ

ಪಾಲಿಟೆಕ್ನಿಕ್ ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವವರು, ನರಸಾಪುರದಲ್ಲೋ ವಸಂತನರಸಾಪುರದಲ್ಲೋ ಕಾರ್ಖಾನೆಯ ಐಟಿ ವಿಭಾಗದಲ್ಲಿ ಈಗಾಗಲೇ ಇರುವವರು, ಗೌರಿಬಿದನೂರಿನ ಕಡೆ ಹಳ್ಳಿಗಳಿಗೆ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿಗೆ ಟವರ್ ಹತ್ತುವವರು. ಮೂವರ ಪ್ರಶ್ನೆಯೂ ಒಂದೇ: ವೈರ್‌ಲೆಸ್ ಸರ್ಟಿಫಿಕೇಟ್ ಮಾಡಿಕೊಂಡರೆ ಕೆಲಸಕ್ಕೆ ಉಪಯೋಗವಾಗುತ್ತದೆಯೇ? ಆಗುತ್ತದೆ. ಆದರೆ ಮೂವರಿಗೂ ಬೇಕಾದದ್ದು ಬೇರೆ ಬೇರೆ. ಒಳ್ಳೆಯ ಪರೀಕ್ಷೆಯನ್ನೇ ಹೊತ್ತಲ್ಲದ ಹೊತ್ತಿನಲ್ಲಿ ಬರೆದರೂ ದುಡ್ಡು ದಂಡವೇ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಕೆಲಸ ಬೇಕಾದವರು ನೆಟ್‌ವರ್ಕ್ ಸಾಧನ ಮಾಡುವ ಸಿಸ್ಕೋ ಕಂಪನಿಯ ಆರಂಭಿಕ ಪರೀಕ್ಷೆ ಸಿಸಿಎನ್‌ಎ ಬರೆಯಲಿ. ಕೆಲಸದಲ್ಲಿದ್ದು ವೈ-ಫೈ ದೂರುಗಳನ್ನು ದಿನವೂ ಎದುರಿಸುವವರು ವೈ-ಫೈಗೆಂದೇ ಇರುವ ಸಿಡಬ್ಲ್ಯುಎನ್‌ಎ ಪರೀಕ್ಷೆ ಬರೆಯಲಿ. ಊರಿನ ಇಂಟರ್‌ನೆಟ್ ಕಂಪನಿಯವರಿಗೆ ರೂಟರ್ ಮಾಡುವ ಮೈಕ್ರೋಟಿಕ್ ಕಂಪನಿಯ ಮೂಲ ಪರೀಕ್ಷೆ ಎಂಟಿಸಿಎನ್‌ಎ, ಅದರ ಮೇಲೆ ವೈರ್‌ಲೆಸ್‌ನ ಎಂಟಿಸಿಡಬ್ಲ್ಯುಇ. ಅರೂಬಾ, ಮಿಸ್ಟ್, ರಕಸ್ ಮುಂತಾದ, ವೈ-ಫೈ ಸಾಧನ ಮಾಡುವ ಒಂದೊಂದು ಕಂಪನಿಯ ಸರ್ಟಿಫಿಕೇಟುಗಳನ್ನು ಕೆಲಸ ಕೊಟ್ಟವರು ಶುಲ್ಕ ಕಟ್ಟಿದರೆ ಮಾತ್ರ ಬರೆಯಿರಿ. ಇನ್ನು ಉಳಿದದ್ದು ಇದಕ್ಕೆ ಕಾರಣ, ಮತ್ತು ಎಲ್ಲೆಲ್ಲಿ ಎಡವುತ್ತಾರೆ ಎಂಬುದು.

ಮೊದಲ ಕೆಲಸಕ್ಕೆ ಸಿಸಿಎನ್‌ಎ ಏಕೆ

ಬೆಂಗಳೂರಿನ ಎನ್‌ಒಸಿ (ನೆಟ್‌ವರ್ಕ್ ಮೇಲೆ ಕಣ್ಣಿಡುವ ಕೇಂದ್ರ), ಬೇರೆಯವರಿಗೆ ನೆಟ್‌ವರ್ಕ್ ಕಟ್ಟಿಕೊಡುವ ಸಿಸ್ಟಮ್ ಇಂಟಿಗ್ರೇಟರ್ ಕಂಪನಿ, ಆಸ್ಪತ್ರೆ ಅಥವಾ ಕಾಲೇಜಿನ ನೆಟ್‌ವರ್ಕ್ ವಿಭಾಗ, ಇವುಗಳಲ್ಲಿ ಬಯೋಡೇಟಾವನ್ನು ಮೊದಲು ನೋಡುವವರು ಎಂಜಿನಿಯರ್ ಅಲ್ಲ, ಎಚ್‌ಆರ್. ಅವರು ಹುಡುಕುವ ಪದ ಸಿಸಿಎನ್‌ಎ. ಸಿಡಬ್ಲ್ಯುಎನ್‌ಎ ಎಂಬ ಹೆಸರು ಅವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಒಳಗೆ ಸಂದರ್ಶನ ಮಾಡುವ ಎಂಜಿನಿಯರಿಗೆ ಗೊತ್ತಿರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಬಯೋಡೇಟಾ ತಲುಪಬೇಕಲ್ಲ.

ಈಗಿನ ಸಿಸಿಎನ್‌ಎ ಪರೀಕ್ಷೆಯ ಸಂಖ್ಯೆ 200-301. ಅವಧಿ 120 ನಿಮಿಷ. ಶುಲ್ಕ 300 ಡಾಲರ್, ತೆರಿಗೆ ಬೇರೆ. ಡಾಲರಿಗೆ 90 ರೂಪಾಯಿ ಎಂದು ಹಿಡಿದು 18 ಶೇಕಡ ಜಿಎಸ್‌ಟಿ ಸೇರಿಸಿದರೆ 31,860 ರೂಪಾಯಿ ಆಗುತ್ತದೆ. ಫೇಲಾದರೆ ಅಷ್ಟನ್ನೂ ಮತ್ತೆ ಕಟ್ಟಬೇಕು. ಹಾಗಾಗಿ ಅಭ್ಯಾಸ ಪರೀಕ್ಷೆಗಳಲ್ಲಿ ಸತತವಾಗಿ 85 ಶೇಕಡದ ಮೇಲೆ ಬರುವ ತನಕ ದಿನಾಂಕ ಗೊತ್ತು ಮಾಡಬೇಡಿ.

ಪಠ್ಯದಲ್ಲಿ ಐಪಿ ರೂಟಿಂಗಿಗೆ 25 ಶೇಕಡ, ನೆಟ್‌ವರ್ಕ್ ಮೂಲಪಾಠಕ್ಕೆ 20, ಸ್ವಿಚಿಂಗ್ ಮತ್ತು ವೈರ್‌ಲೆಸ್ ಸೇರಿದ ವಿಭಾಗಕ್ಕೆ 20, ಭದ್ರತೆಗೆ 15, ಐಪಿ ಸೇವೆಗಳಿಗೆ 10, ಆಟೊಮೇಷನ್ನಿಗೆ 10. ವೈರ್‌ಲೆಸ್ ಅದರಲ್ಲೊಂದು ತುಂಡು ಮಾತ್ರ: ಚಾನೆಲ್ಲು, ಎಸ್‌ಎಸ್‌ಐಡಿ (ವೈ-ಫೈನ ಹೆಸರು), ಕಂಟ್ರೋಲರ್ (ಆ್ಯಕ್ಸೆಸ್ ಪಾಯಿಂಟುಗಳನ್ನು, ಅಂದರೆ ವೈ-ಫೈ ಹರಡುವ ಪೆಟ್ಟಿಗೆಗಳನ್ನು, ಒಂದೆಡೆಯಿಂದ ನಡೆಸುವ ಸಾಧನ), ಡಬ್ಲ್ಯುಪಿಎ (ವೈ-ಫೈನ ಭದ್ರತಾ ಕ್ರಮ). "ವೈ-ಫೈ ಕಲಿಯಬೇಕೆಂದಿದ್ದೆ, ಇದರಲ್ಲಿ ಅದು ಇಷ್ಟೇನಾ" ಅನ್ನಿಸಬಹುದು. ಆದರೂ ಇಲ್ಲಿಂದಲೇ ಶುರು ಮಾಡಿ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ವೈ-ಫೈ ಎಂದು ಬರುವ ದೂರುಗಳಲ್ಲಿ ಬಹಳಷ್ಟರ ಮೂಲ ತಂತಿಯ ಕಡೆ ಇರುತ್ತದೆ.

ಕೆಲವನ್ನು ನೋಡಿ. ಕಲ್ಯಾಣ ಮಂಟಪದಲ್ಲಿ ಮುಹೂರ್ತದ ಹೊತ್ತಿಗೆ ವೈ-ಫೈ "ಕನೆಕ್ಟ್ ಆಗುತ್ತಿದೆ" ಎಂದೇ ನಿಂತುಬಿಡುತ್ತದೆ. ಸಿಗ್ನಲ್ ಪೂರ್ತಿ ಇದೆ. ಅಲ್ಲಿ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯ ಪೂಲಿನಲ್ಲಿರುವುದು 254 ವಿಳಾಸ, ಒಮ್ಮೆ ಕೊಟ್ಟ ವಿಳಾಸದ ಅವಧಿ (ಲೀಸ್) 24 ಗಂಟೆ. ಹಿಂದಿನ ದಿನದ ಆರತಕ್ಷತೆಗೆ ಬಂದವರ ಮೊಬೈಲುಗಳೇ ಇನ್ನೂ ಆ ವಿಳಾಸಗಳನ್ನು ಹಿಡಿದುಕೊಂಡಿವೆ. ಲೀಸನ್ನು ಒಂದೆರಡು ಗಂಟೆಗೆ ಇಳಿಸಿ, ಪೂಲ್ ದೊಡ್ಡದು ಮಾಡಿದರೆ ಮುಗಿಯಿತು. ಇನ್ನೊಂದು ಕಡೆ ಹೊಸ ಆ್ಯಕ್ಸೆಸ್ ಪಾಯಿಂಟ್ ಹಾಕಿದರೂ 90 ಎಂಬಿಪಿಎಸ್ ದಾಟುವುದಿಲ್ಲ. ಕ್ರಿಂಪಿಂಗಿನಲ್ಲಿ ಒಂದು ಜೋಡಿ ತಂತಿ ಸರಿಯಾಗಿ ಕೂತಿಲ್ಲ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಹಾಗಾಗಿ ಸ್ವಿಚ್ ಪೋರ್ಟ್ ಸದ್ದಿಲ್ಲದೆ 100ಕ್ಕೆ ಇಳಿದಿರುತ್ತದೆ. ಮತ್ತೊಂದು ಕಡೆ ಆ್ಯಕ್ಸೆಸ್ ಪಾಯಿಂಟ್ ಕಂಟ್ರೋಲರಿಗೆ ಸೇರುವುದೇ ಇಲ್ಲ. ಕಂಟ್ರೋಲರ್ ಎಲ್ಲಿದೆ ಎಂದು ತಿಳಿಸುವ ಡಿಎಚ್‌ಸಿಪಿ ಆಪ್ಷನ್ 43 ಕೊಟ್ಟಿಲ್ಲ, ಇಲ್ಲವೇ ನಡುವಿನ ಫೈರ್‌ವಾಲ್ ಯುಡಿಪಿ 5246 ಮತ್ತು 5247 ಪೋರ್ಟುಗಳನ್ನು ತಡೆದಿದೆ, ಇಲ್ಲವೇ ಕಂಟ್ರೋಲರಿನ ಗಡಿಯಾರ ತಪ್ಪಾಗಿದ್ದು ಡಿಜಿಟಲ್ ಸರ್ಟಿಫಿಕೇಟ್ ಒಪ್ಪಿಗೆಯಾಗುತ್ತಿಲ್ಲ.

ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ಪಿಒಇ ವಿಷಯವೂ ಹೀಗೆಯೇ. ಹಳೆಯ 802.3ಎಎಫ್ ಮಾನದಂಡದ ಸ್ವಿಚ್ ಪೋರ್ಟಿನಿಂದ 15.4 ವಾಟ್ ಕೊಡುತ್ತದೆ, ಸಾಧನಕ್ಕೆ ಸಿಗುವುದು 12.95 ವಾಟ್. ವೈ-ಫೈ 6ರ ದೊಡ್ಡ ಆ್ಯಕ್ಸೆಸ್ ಪಾಯಿಂಟುಗಳಿಗೆ 802.3ಎಟಿ ಬೇಕು, ಅದರಲ್ಲಿ ಪೋರ್ಟಿನ ಬಳಿ 30 ವಾಟ್, ಸಾಧನದ ಬಳಿ 25.5. ಎಎಫ್ ಸ್ವಿಚ್ಚಿಗೆ ಸಿಕ್ಕಿಸಿದರೂ ಅದು ಆನ್ ಆಗುತ್ತದೆ, ಆದರೆ ಅರ್ಧ ರೇಡಿಯೊ ಮುಚ್ಚಿಕೊಂಡು. ಅದರ ಜೊತೆಗೆ ಅಗ್ಗಕ್ಕೆ ಸಿಗುವ, ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ಕೇಬಲ್ ಎಳೆದಿದ್ದರೆ ದೂರ ಹೋದಂತೆ ವೋಲ್ಟೇಜ್ ಬಿದ್ದು, ಬಳಕೆ ಹೆಚ್ಚಾದಾಗಲೆಲ್ಲ ಆ್ಯಕ್ಸೆಸ್ ಪಾಯಿಂಟ್ ರೀಸ್ಟಾರ್ಟ್ ಆಗುತ್ತದೆ. ಕೇಬಲ್ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ಇದನ್ನೆಲ್ಲ ಬಿಡಿಸಿ ಹೇಳಬಲ್ಲ ಹೊಸಬರನ್ನು ಯಾವ ಇಂಟಿಗ್ರೇಟರೂ ಬಿಡುವುದಿಲ್ಲ.

ಕಾಂಪ್ಟಿಯಾದ ನೆಟ್‌ವರ್ಕ್ ಪ್ಲಸ್ ಪರೀಕ್ಷೆಯೂ ಮೂಲಪಾಠವನ್ನು ಚೆನ್ನಾಗಿ ಕಲಿಸುತ್ತದೆ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, 900ಕ್ಕೆ 720 ಬಂದರೆ ಪಾಸು. ಆದರೆ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಸಿಸಿಎನ್‌ಎಗೇ ಕಟ್ಟಿ.

ಸಿಡಬ್ಲ್ಯುಎನ್‌ಎ: ಒಳಗೆ ಬಂದ ಮೇಲೆ ಬೆಲೆ

ಸಿಡಬ್ಲ್ಯುಎನ್‌ಪಿ ಎಂಬ ಸಂಸ್ಥೆ ನಡೆಸುವ ಪರೀಕ್ಷೆ ಇದು. ಯಾವ ಕಂಪನಿಯ ಪೆಟ್ಟಿಗೆಗೂ ಕಟ್ಟುಬಿದ್ದಿಲ್ಲ. ಈಗಿನ ಆವೃತ್ತಿ 109: 60 ಪ್ರಶ್ನೆ, 90 ನಿಮಿಷ, 70 ಶೇಕಡ ಬಂದರೆ ಪಾಸು. ಇದಕ್ಕೂ ಕೆಳಗೆ ಸಿಡಬ್ಲ್ಯುಎಸ್, ಸಿಡಬ್ಲ್ಯುಟಿ ಎಂಬ ಎರಡಿವೆ. ಮಾರಾಟ ವಿಭಾಗದವರಿಗೆ ಮೊದಲನೆಯದು, ಬರೀ ಅಳವಡಿಕೆ ಮಾಡುವವರಿಗೆ ಎರಡನೆಯದು. ಎಂಜಿನಿಯರ್ ಆಗಬೇಕೆನ್ನುವವರು ಎರಡನ್ನೂ ದಾಟಿ ನೇರ ಸಿಡಬ್ಲ್ಯುಎನ್‌ಎಗೆ ಹೋಗಬಹುದು.

ಇದು ಕಲಿಸುವುದು ರೇಡಿಯೊ ಅಲೆಯ ಲೆಕ್ಕ ಮತ್ತು 802.11, ಅಂದರೆ ವೈ-ಫೈ ಮಾನದಂಡ, ಹೇಗೆ ಮಾತಾಡುತ್ತದೆ ಎಂಬುದು. ಅದರ ಬೆಲೆ ಎಲ್ಲಿದೆ ಎಂದು ತಿಳಿಯಬೇಕಾದರೆ ನಮ್ಮ ಜಿಲ್ಲೆಗಳ ಕಟ್ಟಡಗಳನ್ನು ನೋಡಬೇಕು.

ವೇಮಗಲ್, ಮಾಲೂರಿನ ಕಡೆಯಂಥ ಒಂದು ಗೋದಾಮು ತೆಗೆದುಕೊಳ್ಳಿ. 12 ಮೀಟರ್ ಎತ್ತರದ ತಗಡಿನ ಛಾವಣಿ, 10 ಮೀಟರ್ ಎತ್ತರದ ಕಬ್ಬಿಣದ ರ‍್ಯಾಕು, ಕೈಯಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಹಿಡಿದು ಓಡಾಡುವ ಕೆಲಸಗಾರರು. ಸ್ಕ್ಯಾನರಿನ ಪರದೆಯಲ್ಲಿ ಸಿಗ್ನಲ್ ಪೂರ್ತಿ, ಆದರೆ ಸ್ಕ್ಯಾನ್ ಮಾಡಿದ್ದು ಸರ್ವರಿಗೆ ಹೋಗುತ್ತಿಲ್ಲ. ಸಾಮಾನ್ಯವಾಗಿ ಮಾಡುವ ತಪ್ಪು ಆ್ಯಕ್ಸೆಸ್ ಪಾಯಿಂಟಿನ ಪವರ್ ಇನ್ನೂ ಏರಿಸುವುದು. ಆಗ ತೊಂದರೆ ಹೆಚ್ಚುತ್ತದೆ. ಆ್ಯಕ್ಸೆಸ್ ಪಾಯಿಂಟ್ 23 ಡಿಬಿಎಂನಲ್ಲಿ, ಅಂದರೆ 200 ಮಿಲಿವಾಟ್‌ನಲ್ಲಿ ಕೂಗುತ್ತಿದೆ. ಸ್ಕ್ಯಾನರಿನ ಶಕ್ತಿ 15 ಡಿಬಿಎಂ, ಸುಮಾರು 32 ಮಿಲಿವಾಟ್. ಅದರ ಮಾತು ಇದಕ್ಕೆ ಕೇಳಿಸುತ್ತದೆ, ಇದರ ಮಾತು ಅದಕ್ಕೆ ಮುಟ್ಟುತ್ತಿಲ್ಲ. ಜೊತೆಗೆ ದೂರದ ಆ್ಯಕ್ಸೆಸ್ ಪಾಯಿಂಟೂ ಜೋರಾಗಿಯೇ ಕೇಳಿಸುವುದರಿಂದ ಸ್ಕ್ಯಾನರ್ ಅದನ್ನು ಬಿಟ್ಟು ಹತ್ತಿರದ್ದಕ್ಕೆ ಬರುವುದೇ ಇಲ್ಲ. ಪರಿಹಾರ: ಪವರನ್ನು ಸ್ಕ್ಯಾನರಿನ ಮಟ್ಟಕ್ಕೆ ಇಳಿಸಿ, ರ‍್ಯಾಕುಗಳ ಸಾಲಿನುದ್ದಕ್ಕೂ ಕೆಳಮುಖದ ಆ್ಯಂಟೆನಾ ಹಾಕಿ, ಆ್ಯಕ್ಸೆಸ್ ಪಾಯಿಂಟ್ ಸಂಖ್ಯೆ ಹೆಚ್ಚಿಸಿ. 1, 2, 5.5, 11 ಎಂಬಿಪಿಎಸ್‌ನ ಹಳೆಯ ವೇಗಗಳನ್ನು ಮುಚ್ಚುವುದೂ ಒಳ್ಳೆಯದು, ಆದರೆ ಅಲ್ಲಿನ ಸ್ಕ್ಯಾನರುಗಳಲ್ಲಿ ಯಾವುದಕ್ಕೂ ಅವು ಬೇಕಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ. ಮತ್ತು ಸರ್ವೆಯನ್ನು ರ‍್ಯಾಕುಗಳಲ್ಲಿ ಸರಕು ತುಂಬಿರುವಾಗಲೇ ಮಾಡಿ. ಖಾಲಿ ಗೋದಾಮಿನಲ್ಲಿ ಅಳೆದ ಸಿಗ್ನಲ್ ಸರಕು ಬಂದ ದಿನ ಇರುವುದಿಲ್ಲ.

ಟೊಮೆಟೊ, ತರಕಾರಿ ಇಡುವ ಶೀತಲಗೃಹ ಇನ್ನೊಂದು ಪಾಠ. ಅದರ ಗೋಡೆ ಪಫ್ ಪ್ಯಾನೆಲ್: ನಡುವೆ ಫೋಮು, ಎರಡೂ ಕಡೆ ಲೋಹದ ಹಾಳೆ. ಹೊರಗೆ ಎಷ್ಟೇ ದೊಡ್ಡ ಆ್ಯಕ್ಸೆಸ್ ಪಾಯಿಂಟ್ ಇಟ್ಟರೂ ಒಳಗೆ ಏನೂ ಬರುವುದಿಲ್ಲ. ಪ್ರತಿ ಕೋಣೆಯೊಳಗೂ ಒಂದೊಂದು ಬೇಕು, ಅದೂ ಆ ತಂಪು ಮತ್ತು ತೇವವನ್ನು ತಡೆಯುವ ರೇಟಿಂಗ್ ಇರುವಂಥದ್ದು. ಕೇಬಲ್ ಒಳಹೋಗುವ ತೂತನ್ನು ಸೀಲ್ ಮಾಡದಿದ್ದರೆ ನೀರು ಕೇಬಲ್ಲಿನ ಮೇಲೆ ಹರಿದು ಪೋರ್ಟಿಗೆ ಇಳಿಯುತ್ತದೆ. ಕ್ರೇಟುಗಳಲ್ಲಿರುವ ಹಣ್ಣು ತರಕಾರಿಯೆಲ್ಲ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ನೀರು ಅಲೆಯನ್ನು ಹೀರುತ್ತದೆ, ಆದ್ದರಿಂದ ಸುಗ್ಗಿಯಲ್ಲಿ ಕೋಣೆ ತುಂಬಿದಾಗಿನ ಸಿಗ್ನಲ್ಲೇ ಬೇರೆ.

ಸೈಜುಗಲ್ಲಿನ ಹಳೆಯ ಶಾಲೆ, ಕಚೇರಿಗಳಲ್ಲೂ ಇದೇ ಕಥೆ. ಒಂದೂವರೆ ಅಡಿ ದಪ್ಪದ ಕಲ್ಲು ಗೋಡೆ ದಾಟಿ 5 ಗಿಗಾಹರ್ಟ್ಸ್ ಹೋಗುವುದು ಕಷ್ಟ. ಕೊಠಡಿಗೊಂದು ಸಣ್ಣ ಆ್ಯಕ್ಸೆಸ್ ಪಾಯಿಂಟ್, ಕಡಿಮೆ ಪವರ್, ಅದೇ ಸರಿಯಾದ ವಿನ್ಯಾಸ. ಮೊಗಸಾಲೆಯಲ್ಲಿ ಸಾಲಾಗಿ ಹಾಕಿದರೆ ಅವು ಒಂದಕ್ಕೊಂದು ಚೆನ್ನಾಗಿ ಕೇಳಿಸಿಕೊಂಡು ಒಂದರ ಸರದಿಗೆ ಇನ್ನೊಂದು ಕಾಯುತ್ತಾ ಕೂರುತ್ತವೆ, ಕೊಠಡಿಯೊಳಗಿನ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಈ ತಿಳಿವಳಿಕೆ ಸಂಬಳವಾಗಿ ಬದಲಾಗುವುದು ಎರಡನೆಯ ಕೆಲಸದಲ್ಲಿ. ಒಂದೆರಡು ವರ್ಷದ ಅನುಭವದ ಜೊತೆ ಸಿಡಬ್ಲ್ಯುಎನ್‌ಎ ಇದ್ದರೆ "ನೆಟ್‌ವರ್ಕ್ ಸಪೋರ್ಟ್" ಎಂಬ ಸಾಲಿನಿಂದ ವೈರ್‌ಲೆಸ್ ಎಂಜಿನಿಯರ್, ಸರ್ವೆ ಎಂಜಿನಿಯರ್ ಎಂಬ ಸಾಲಿಗೆ ದಾಟಬಹುದು. ಅನುಭವವಿಲ್ಲದೆ ಬರೀ ಸಿಡಬ್ಲ್ಯುಎನ್‌ಎ ಹಿಡಿದು ಹೋದರೆ ಕೆಲಸ ಕೊಡುವವರಿಗೆ ಎಲ್ಲಿ ಕೂರಿಸಬೇಕೆಂದೇ ತಿಳಿಯುವುದಿಲ್ಲ.

ಸಂದರ್ಶನದಲ್ಲಿ ಕೇಳುವ ಒಂದು ಪ್ರಶ್ನೆಯನ್ನೇ ನೋಡಿ: "ಸಿಗ್ನಲ್ ಮೈನಸ್ 58 ಡಿಬಿಎಂ ಇದೆ. ಆದರೂ ವೇಗವಿಲ್ಲ. ಏನು ನೋಡುತ್ತೀರಿ?" ಓದಿ ಅರ್ಥ ಮಾಡಿಕೊಂಡವರು ಮೊದಲು ಕೇಳುವುದು ಹಿನ್ನೆಲೆಯ ಸದ್ದು ಎಷ್ಟು ಎಂದು. ಅದು ಮೈನಸ್ 95 ಇದ್ದರೆ ವ್ಯತ್ಯಾಸ 37 ಡಿಬಿ, ತೊಂದರೆಯಿಲ್ಲ. ಮೈನಸ್ 75ಕ್ಕೆ ಏರಿದ್ದರೆ ಉಳಿಯುವುದು 17, ಧ್ವನಿ ಕರೆಗೆ ಬೇಕಾದ 25ಕ್ಕಿಂತ ಕಡಿಮೆ. ಆಮೇಲೆ ಚಾನೆಲ್ ಎಷ್ಟು ಹೊತ್ತು ತುಂಬಿರುತ್ತದೆ, ತಲುಪದೆ ಮತ್ತೆ ಕಳಿಸಬೇಕಾದ ಫ್ರೇಮುಗಳು, ಅಂದರೆ ಡೇಟಾದ ತುಂಡುಗಳು, 10 ಶೇಕಡ ದಾಟಿವೆಯೇ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ 1, 6, 11ನೆಯ ಚಾನೆಲ್ ಬಿಟ್ಟು ಯಾರಾದರೂ 3 ಅಥವಾ 4ರಲ್ಲಿ ಕೂತು ಎರಡೂ ಕಡೆಯವರನ್ನು ಕೆಡಿಸುತ್ತಿದ್ದಾರೆಯೇ. ಎಸ್‌ಎಸ್‌ಐಡಿ ಎಷ್ಟಿವೆ, ಏಕೆಂದರೆ ಪ್ರತಿಯೊಂದೂ ಸುಮಾರು 102 ಮಿಲಿಸೆಕೆಂಡಿಗೊಮ್ಮೆ ಬೀಕನ್, ಅಂದರೆ 'ನಾನಿಲ್ಲಿದ್ದೇನೆ' ಎಂಬ ಸಂದೇಶ, ಕಳಿಸುತ್ತಾ ಗಾಳಿಯ ಸಮಯ ತಿನ್ನುತ್ತದೆ. ಕೊನೆಗೆ ತಂತಿಯ ಪೋರ್ಟು. ಈ ಕ್ರಮದಲ್ಲಿ ಉತ್ತರಿಸುವವರಿಗೂ "ರೂಟರ್ ರೀಸ್ಟಾರ್ಟ್ ಮಾಡುತ್ತೇನೆ" ಎನ್ನುವವರಿಗೂ ಸಂಬಳದ ಮಾತುಕತೆಯೇ ಬೇರೆಯಾಗುತ್ತದೆ. ಪ್ರಶ್ನೋತ್ತರ ಡಂಪು ಉರುಹೊಡೆದು ಪಾಸಾದವರು ಸಿಕ್ಕಿಬೀಳುವುದೂ ಇಲ್ಲೇ. ಡಂಪು ಬಳಸಿದ್ದು ಗೊತ್ತಾದರೆ ಪರೀಕ್ಷೆ ನಡೆಸುವವರು ಸರ್ಟಿಫಿಕೇಟನ್ನೇ ರದ್ದು ಮಾಡುತ್ತಾರೆ. ಆ ದಾರಿ ಬೇಡವೇ ಬೇಡ.

ಊರಿನ ಇಂಟರ್‌ನೆಟ್ ಕಂಪನಿಯವರಿಗೆ

ಹಳ್ಳಿಗಳಿಗೆ ಡಿಶ್ ರೇಡಿಯೊ ಮೂಲಕ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿಗಳಲ್ಲಿ ಮೈಕ್ರೋಟಿಕ್ ರೂಟರ್, ಯುಬಿಕ್ವಿಟಿ ರೇಡಿಯೊ ಸಾಮಾನ್ಯ. ಇಲ್ಲಿ ಸಿಸಿಎನ್‌ಎಗಿಂತ ಎಂಟಿಸಿಎನ್‌ಎ ಬೇಗ ಕೈಗೆ ಹತ್ತುತ್ತದೆ. ಮೈಕ್ರೋಟಿಕ್ ಒಪ್ಪಿದ ತರಬೇತುದಾರರ ತರಗತಿಯ ಕೊನೆಗೆ ಪರೀಕ್ಷೆ: 25 ಪ್ರಶ್ನೆ, 60 ನಿಮಿಷ, 60 ಶೇಕಡ ಬಂದರೆ ಪಾಸು. ತರಗತಿ ಎಲ್ಲಿ, ಎಂದು ಎಂಬುದು ಮೈಕ್ರೋಟಿಕ್ಕಿನ ತಾಣದಲ್ಲೇ ಸಿಗುತ್ತದೆ. ಶುಲ್ಕ ತರಬೇತುದಾರರದ್ದು, ಒಬ್ಬೊಬ್ಬರದು ಒಂದೊಂದು. ಅದು ಪಾಸಾಗಿ, ಅವಧಿ ಮುಗಿಯದಿದ್ದರೆ ಮಾತ್ರ ವೈರ್‌ಲೆಸ್‌ನ ಎಂಟಿಸಿಡಬ್ಲ್ಯುಇ ತೆಗೆದುಕೊಳ್ಳಬಹುದು.

ಇದರ ಮಿತಿ ಸ್ಪಷ್ಟವಾಗಿ ತಿಳಿದಿರಲಿ. ಬೆಂಗಳೂರಿನ ದೊಡ್ಡ ಕಂಪನಿಗಳ ಎಚ್‌ಆರ್‌ಗೆ ಈ ಹೆಸರು ತೂಕವಿಲ್ಲ. ಊರಲ್ಲೇ ಉಳಿದು ಬೆಳೆಯುವವರಿಗೆ, ಸ್ವಂತ ಕಂಪನಿ ತೆರೆಯುವವರಿಗೆ, ಇಂಟರ್‌ನೆಟ್ ಕಂಪನಿಗಳ ನಡುವೆಯೇ ಕೆಲಸ ಬದಲಿಸುವವರಿಗೆ ತೂಕವಿದೆ.

ಯಾವ ಸರ್ಟಿಫಿಕೇಟ್ ಬರೆದರೂ ಟವರ್ ಕೆಲಸದವರಿಗೆ ಈ ಒಂದು ಲೆಕ್ಕ ಬಾಯಿಗೆ ಬರಬೇಕು. ಎರಡು ಊರಿನ ನಡುವೆ 5 ಕಿಲೋಮೀಟರ್, 5.8 ಗಿಗಾಹರ್ಟ್ಸ್. ಗಾಳಿಯಲ್ಲಾಗುವ ನಷ್ಟಕ್ಕೆ ಸೂತ್ರ: 32.44ಕ್ಕೆ ಕಿಲೋಮೀಟರಿನ ಲಾಗ್‌ನ 20 ಪಟ್ಟು ಮತ್ತು ಮೆಗಾಹರ್ಟ್ಸಿನ ಲಾಗ್‌ನ 20 ಪಟ್ಟು ಕೂಡಿಸಬೇಕು. ಅಂದರೆ 32.44 + 13.98 + 75.27, ಒಟ್ಟು ಸುಮಾರು 121.7 ಡಿಬಿ. ರೇಡಿಯೊ 13 ಡಿಬಿಎಂ, ಎರಡೂ ಕಡೆ 23 ಡಿಬಿಐ ಬಲ ಕೂಡಿಸುವ ಡಿಶ್, ಕೇಬಲ್ ಮತ್ತು ಕನೆಕ್ಟರಿಗೆ ಎರಡೂ ಕಡೆ ಒಂದೊಂದು ಡಿಬಿ ನಷ್ಟ. 13 − 1 + 23 − 121.7 + 23 − 1 = −64.7 ಡಿಬಿಎಂ. ಬೇಕಾದ ವೇಗಕ್ಕೆ ರೇಡಿಯೊದ ಡೇಟಾಶೀಟ್ ಮೈನಸ್ 80 ಕೇಳಿದ್ದರೆ 15 ಡಿಬಿ ಮಿಗುತ್ತದೆ, ಲಿಂಕ್ ನಿಲ್ಲುತ್ತದೆ. ಮೈನಸ್ 72 ಕೇಳಿದ್ದರೆ 7 ಮಾತ್ರ ಮಿಗುವುದು, ಅಂಥ ಲಿಂಕ್ ಸಣ್ಣ ಏರುಪೇರಿಗೂ ಕುಸಿಯುತ್ತದೆ.

ಈ ಸಂಖ್ಯೆ ಕೈಯಲ್ಲಿದ್ದರೆ ಟವರ್ ಮೇಲೆ ನಿಂತೇ ರೋಗ ಹಿಡಿಯಬಹುದು. ಮೈನಸ್ 65 ಬರಬೇಕಾದ ಕಡೆ ಮೈನಸ್ 83 ಬಂದರೆ ಡಿಶ್ ಪಕ್ಕದ ಕಿರಣದ ಮೇಲೆ ಕೂತಿರಬಹುದು: ಅತ್ತಿತ್ತ ತಿರುಗಿಸಿದಾಗ ಎರಡೂ ಕಡೆ ಕಡಿಮೆಯಾಗುತ್ತದೆ, ಹಾಗಾಗಿ ಇದೇ ಸರಿ ಎಂದು ಬೋಲ್ಟ್ ಬಿಗಿದುಬಿಡುತ್ತಾರೆ. ನಿಜವಾದ ಶಿಖರ ಇನ್ನೂ ಕೆಲವು ಡಿಗ್ರಿ ಆಚೆ ಇರುತ್ತದೆ. ಲೆಕ್ಕ ಮಾಡದವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಇನ್ನು ಕಣ್ಣಿಗೆ ನೇರ ಕಂಡರೆ ಸಾಲದು. ಅದೇ 5 ಕಿಲೋಮೀಟರ್ ದಾರಿಯ ನಟ್ಟನಡುವೆ ಫ್ರೆನೆಲ್ ವಲಯದ, ಅಂದರೆ ನೇರಗೆರೆಯ ಸುತ್ತ ಅಲೆ ಹರಡಿಕೊಂಡು ಸಾಗುವ ಜಾಗದ, ತ್ರಿಜ್ಯ ಸುಮಾರು 8 ಮೀಟರ್. ಅದರ 60 ಶೇಕಡ, ಅಂದರೆ 4.8 ಮೀಟರಿನಷ್ಟು, ನೇರಗೆರೆಯ ಕೆಳಗೆ ಖಾಲಿ ಇರಬೇಕು. ಈ ಸೀಮೆಯಲ್ಲಿ ಅದನ್ನು ಕೆಡಿಸುವುದು ನೀಲಗಿರಿ ತೋಪು. ಲಿಂಕ್ ಹಾಕಿದ ವರ್ಷ ಮರಗಳು ಕೆಳಗಿದ್ದವು. ಬೇಗ ಬೆಳೆಯುವ ಜಾತಿ, ಒಂದೆರಡು ಮಳೆಗಾಲ ಕಳೆದರೆ ವಲಯದೊಳಗೆ ತಲೆ ಹಾಕಿರುತ್ತವೆ. ಒದ್ದೆ ಎಲೆ ಇನ್ನಷ್ಟು ಹೀರುತ್ತದೆ. "ಮಳೆ ಬಂದರೆ ನೆಟ್ ಹೋಗುತ್ತದೆ" ಎಂಬ ದೂರಿಗೆ 5 ಗಿಗಾಹರ್ಟ್ಸಿನಲ್ಲಿ ಮಳೆಹನಿ ಕಾರಣವಾಗುವುದು ಬಹಳ ಕಡಿಮೆ. ಒದ್ದೆ ಮರ, ನೀರು ಕುಡಿದ ಕನೆಕ್ಟರ್, ಇವನ್ನೇ ಮೊದಲು ನೋಡಿ. ತೋಪು ಯಾರದ್ದು, ಕಟಾವು ಯಾವಾಗ ಎಂದು ಸರ್ವೆಯ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಚಾನೆಲ್ಲಿನ ನಿಯಮವೂ ತಿಳಿದಿರಬೇಕು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 5150–5350, 5470–5725 ಮತ್ತು 5725–5875 ಮೆಗಾಹರ್ಟ್ಸನ್ನು ಪರವಾನಗಿಯಿಂದ ಮುಕ್ತ ಮಾಡಿತು. 6 ಗಿಗಾಹರ್ಟ್ಸಿನ ಕೆಳಭಾಗಕ್ಕೆ ಕರಡು ನಿಯಮ 2025ರ ಮೇ ತಿಂಗಳಲ್ಲಿ ಬಂತು. ಮುಕ್ತ ಎಂದರೆ ಎಷ್ಟು ಪವರ್ ಬೇಕಾದರೂ ಹಾಕಬಹುದೆಂದಲ್ಲ, ಪ್ರತಿ ತುಂಡಿಗೂ ಮಿತಿಯಿದೆ. ನಡುವಿನ, ರಾಡಾರ್ ಜೊತೆ ಹಂಚಿಕೊಂಡ ಡಿಎಫ್‌ಎಸ್ ಚಾನೆಲ್ಲುಗಳಲ್ಲಿ ರಾಡಾರ್ ಕಂಡರೆ ರೇಡಿಯೊ ಜಾಗ ಬಿಡಲೇಬೇಕು, ಹೊಸ ಡಿಎಫ್‌ಎಸ್ ಚಾನೆಲ್ಲಿನಲ್ಲಿ ಕನಿಷ್ಠ 60 ಸೆಕೆಂಡು ಆಲಿಸಿದ ಮೇಲೆಯೇ ಮಾತಾಡಬೇಕು. ದೇವನಹಳ್ಳಿ ವಿಮಾನ ನಿಲ್ದಾಣದ ಆಚೀಚೆ ಕೆಲಸ ಮಾಡುವ ಚಿಕ್ಕಬಳ್ಳಾಪುರದವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ನಿಗದಿತ ಹೊತ್ತಿಗೆ ಲಿಂಕ್ ಒಂದು ನಿಮಿಷ ಸತ್ತು ಏಳುತ್ತಿದ್ದರೆ ರೇಡಿಯೊದ ಲಾಗಿನಲ್ಲಿ ಡಿಎಫ್‌ಎಸ್ ಎಂದು ಹುಡುಕಿ.

ಕಂಪನಿ ಸರ್ಟಿಫಿಕೇಟುಗಳು

ಅರೂಬಾ, ಜೂನಿಪರ್ ಮಿಸ್ಟ್, ರಕಸ್ ಇವರದೆಲ್ಲ ಒಳ್ಳೆಯ ಸಾಧನ, ಒಳ್ಳೆಯ ಪಾಠ. ಆದರೆ ಆ ಪಾಠದ ಅರ್ಧ ಅವರ ತಂತ್ರಾಂಶದ ಮೆನು. ಇಂಟಿಗ್ರೇಟರ್ ಕಂಪನಿಗೆ ಪಾಲುದಾರ ದರ್ಜೆ ಉಳಿಸಿಕೊಳ್ಳಲು, ಟೆಂಡರಿನ ಷರತ್ತು ತುಂಬಲು ಇಂತಿಷ್ಟು ಸರ್ಟಿಫೈಡ್ ಎಂಜಿನಿಯರುಗಳು ಬೇಕಾಗುತ್ತಾರೆ. ಆಗ ಅವರೇ ಶುಲ್ಕ ಕಟ್ಟುತ್ತಾರೆ, ಆಗ ಖಂಡಿತ ಬರೆಯಿರಿ. ಬಾಂಡ್ ಬರೆಸಿಕೊಂಡರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಓದಿ ಸಹಿ ಮಾಡಿ.

ಸ್ವಂತ ದುಡ್ಡಿನಲ್ಲಿ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ, ಈ ಹೆಸರುಗಳು ನಿಲ್ಲುವುದಿಲ್ಲ. ಸಿಸ್ಕೋ 2020ರ ಫೆಬ್ರವರಿಯಲ್ಲಿ ಸಿಸಿಎನ್‌ಎ ವೈರ್‌ಲೆಸ್ ನಿಲ್ಲಿಸಿತು, ಮೇಲಿನ ಹಂತದ ವೈರ್‌ಲೆಸ್ಸನ್ನು ಸಿಸಿಎನ್‌ಪಿ ಎಂಟರ್‌ಪ್ರೈಸಿನೊಳಗೆ ಸೇರಿಸಿತು, 2025ರಲ್ಲಿ ಮತ್ತೆ ಸಿಸಿಎನ್‌ಪಿ ವೈರ್‌ಲೆಸ್ ಎಂಬ ಪ್ರತ್ಯೇಕ ದಾರಿ ಪ್ರಕಟಿಸಿತು. ಅರೂಬಾದ ಒಡೆಯರಾದ ಎಚ್‌ಪಿಇ 2025ರ ಜುಲೈನಲ್ಲಿ ಜೂನಿಪರನ್ನೇ ಕೊಂಡರು. ಡಿಬಿ ಲೆಕ್ಕ, ಫ್ರೇಮ್ ಓದುವುದು, ಚಾನೆಲ್ ಹಂಚುವುದು ಇವು ಯಾವ ಖರೀದಿಯಿಂದಲೂ ಬದಲಾಗುವುದಿಲ್ಲ.

ವೈ-ಫೈ ಸರ್ವೆಯ ತಂತ್ರಾಂಶ ಮಾಡುವ ಏಕಹಾವ್‌ನ ಸರ್ವೆ ತರಬೇತಿ ಬೇರೆಯೇ ಜಾತಿ. ವಿನ್ಯಾಸ ಮತ್ತು ಸರ್ವೆಯೇ ಕೆಲಸವಾದವರಿಗೆ ಅದು ಬಹಳ ಉಪಯೋಗ. ಆದರೆ ಆ ತಂತ್ರಾಂಶ, ಅಳೆಯುವ ಸಾಧನ ಎರಡೂ ದುಬಾರಿ. ಅವು ಇರುವ ಕಂಪನಿಗೆ ಸೇರಿದ ಮೇಲೆ ನೋಡಿದರಾಯಿತು.

ಮನೆಯಲ್ಲೇ ಅಭ್ಯಾಸ

ಸಿಸಿಎನ್‌ಎಗೆ ಪರದೆಯ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತ. ಅದರಲ್ಲಿ ವೈರ್‌ಲೆಸ್ ಕಂಟ್ರೋಲರ್, ಲೈಟ್‌ವೇಟ್ ಆ್ಯಕ್ಸೆಸ್ ಪಾಯಿಂಟ್ ಕೂಡ ಇವೆ. ಮೈಕ್ರೋಟಿಕ್ಕಿಗೆ ಸಿಎಚ್‌ಆರ್ ಎಂಬ ವರ್ಚುವಲ್ ರೂಟರನ್ನು ಲ್ಯಾಪ್‌ಟಾಪಿನಲ್ಲೇ ಹಾಕಿಕೊಳ್ಳಬಹುದು. ಉಚಿತ ಲೈಸೆನ್ಸಿನಲ್ಲಿ ಪ್ರತಿ ಇಂಟರ್‌ಫೇಸಿಗೆ 1 ಎಂಬಿಪಿಎಸ್ ಮಿತಿ. ರೂಟಿಂಗ್ ಕಲಿಯಲು ಸಾಕು, ರೇಡಿಯೊ ಅಭ್ಯಾಸಕ್ಕೆ ಆಗದು.

ಸಿಡಬ್ಲ್ಯುಎನ್‌ಎಗೆ ಬೇಕಾದದ್ದು ಎರಡು ಹಳೆಯ ರೂಟರ್, ಮಾನಿಟರ್ ಮೋಡ್ ಇರುವ ಒಂದು ಯುಎಸ್‌ಬಿ ವೈ-ಫೈ ಅಡಾಪ್ಟರ್, ಲಿನಕ್ಸ್, ಗಾಳಿಯಲ್ಲಿ ಹೋಗುವ ಫ್ರೇಮುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ. ಅಡಾಪ್ಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವೇಗ ನೋಡಬೇಡಿ, ಒಳಗಿನ ಚಿಪ್ ಯಾವುದು ಎಂದು ಕೇಳಿ; ಮಾನಿಟರ್ ಮೋಡ್ ಇಲ್ಲದ ಅಡಾಪ್ಟರಿನಲ್ಲಿ ನಿಮ್ಮದೇ ಡೇಟಾ ಮಾತ್ರ ಕಾಣುತ್ತದೆ, ಬೀಕನ್ನುಗಳು ಕಾಣುವುದಿಲ್ಲ. ನಿಮ್ಮದೇ ನೆಟ್‌ವರ್ಕಿಗೆ ಮೊಬೈಲ್ ಸೇರುವಾಗ ಹಿಡಿದು ನೋಡಿ: ಪ್ರೋಬ್, ಅಥೆಂಟಿಕೇಷನ್, ಅಸೋಸಿಯೇಷನ್, ಆಮೇಲೆ ಕೀಲಿಯ ನಾಲ್ಕು ಸಂದೇಶ. ಪಾಸ್‌ವರ್ಡ್ ಬೇಕೆಂದೇ ತಪ್ಪು ಕೊಟ್ಟು ಮತ್ತೆ ಹಿಡಿದರೆ ಎರಡನೆಯ ಸಂದೇಶದ ನಂತರ ಮೂರನೆಯದು ಬರುವುದೇ ಇಲ್ಲ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಪರೀಕ್ಷೆಯಲ್ಲೂ ಮರೆಯುವುದಿಲ್ಲ, ಸೈಟಿನಲ್ಲೂ ಮರೆಯುವುದಿಲ್ಲ. ಆಮೇಲೆ ಮೊಬೈಲಿನ ಅನಲೈಸರ್ ಆ್ಯಪ್ ಹಿಡಿದು ಮನೆಯ ಪ್ರತಿ ಗೋಡೆಯ ಎರಡೂ ಬದಿ ಅಳೆದು ಬರೆದುಕೊಳ್ಳಿ, 2.4ರಲ್ಲಿ ಎಷ್ಟು ಡಿಬಿ ಹೋಯಿತು, 5ರಲ್ಲಿ ಎಷ್ಟು ಎಂದು.

ದಿನಕ್ಕೆ ಒಂದೂವರೆ ಗಂಟೆ ಕೊಟ್ಟರೆ ಸಿಸಿಎನ್‌ಎಗೆ ಐದಾರು ತಿಂಗಳು, ಅದರ ಮೇಲೆ ಸಿಡಬ್ಲ್ಯುಎನ್‌ಎಗೆ ಮೂರು ತಿಂಗಳು ಎಂದು ಇಟ್ಟುಕೊಳ್ಳಿ. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಓದನ್ನು ಅಲ್ಲಿ, ಲ್ಯಾಬನ್ನು ಭಾನುವಾರ ಇಟ್ಟುಕೊಂಡರೆ ಸಲೀಸು.

ಪರೀಕ್ಷೆಯ ದಿನ ಕೈಕೊಡುವ ಸಂಗತಿಗಳು

ಸಿಸಿಎನ್‌ಎಗೆ ನೋಂದಾಯಿಸುವಾಗ ಕೊಟ್ಟ ಹೆಸರು ಮತ್ತು ಗುರುತಿನ ಚೀಟಿಯ ಹೆಸರು ಒಂದೇ ಆಗಿರಬೇಕು. ನಮ್ಮಲ್ಲಿ ಎಡವುವುದು ಇನಿಷಿಯಲ್ ವಿಷಯದಲ್ಲಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು. ಕೇಂದ್ರಕ್ಕೆ ಒಯ್ಯುವ ಚೀಟಿ ಯಾವುದೆಂದು ಮೊದಲೇ ನಿರ್ಧರಿಸಿ, ಅದರಲ್ಲಿ ಇರುವಂತೆಯೇ ಅಕ್ಷರ ಬಿಡದೆ ನೋಂದಾಯಿಸಿ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಶುಲ್ಕವೂ ಹೋಗುತ್ತದೆ.

ಮನೆಯಿಂದ ಆನ್‌ಲೈನ್ ಬರೆಯುವ ಅವಕಾಶವಿದೆ. ಆದರೆ ಕೋಣೆಯಲ್ಲಿ ನೀವೊಬ್ಬರೇ ಇರಬೇಕು, ಯಾರಾದರೂ ಬಾಗಿಲು ತೆರೆದು ಒಳಬಂದರೆ ಅಥವಾ ನೀವು ಪ್ರಶ್ನೆಯನ್ನು ಬಾಯಿಬಿಟ್ಟು ಓದಿದರೆ ಪರೀಕ್ಷೆ ನಿಲ್ಲಿಸಬಹುದು. ಕರೆಂಟ್ ಹೋಗುವ, ಜನ ತುಂಬಿದ ಮನೆಯಿರುವವರು ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೇ ಹೋಗಿ. ಶುಲ್ಕ ಎರಡಕ್ಕೂ ಅಷ್ಟೇ. ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ವಿಷಯ ಗೊತ್ತಿದ್ದೂ ಸಮಯ ಸಾಲದೆ ಹೋಗುತ್ತದೆ. ಅಭ್ಯಾಸವನ್ನು ಗಡಿಯಾರ ಇಟ್ಟುಕೊಂಡೇ ಮಾಡಿ. ಸಿಡಬ್ಲ್ಯುಎನ್‌ಎಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದೂವರೆ ನಿಮಿಷ.

ಇಲ್ಲಿ ಹೇಳಿದ ಸಿಸಿಎನ್‌ಎ, ಸಿಡಬ್ಲ್ಯುಎನ್‌ಎ, ನೆಟ್‌ವರ್ಕ್ ಪ್ಲಸ್, ಮೈಕ್ರೋಟಿಕ್ ಎಲ್ಲದಕ್ಕೂ ಆಯುಸ್ಸು ಮೂರು ವರ್ಷ. ಸಿಸಿಎನ್‌ಎಯನ್ನು ಮತ್ತೆ ಪರೀಕ್ಷೆ ಬರೆದೋ 30 ಮುಂದುವರಿಕೆ ಅಂಕ ಗಳಿಸಿಯೋ ಉಳಿಸಿಕೊಳ್ಳಬಹುದು. ಸಿಡಬ್ಲ್ಯುಎನ್‌ಎ ಮುಗಿಯುವುದರೊಳಗೆ ಮೇಲಿನ ಹಂತದ ಒಂದನ್ನು ಪಾಸು ಮಾಡಿದರೆ ಅದೂ ನವೀಕರಣವಾಗುತ್ತದೆ, ಹಾಗಾಗಿ ಅದನ್ನೇ ಎರಡನೆಯ ಸಲ ಬರೆಯಲು ದುಡ್ಡು ಹಾಕಬೇಡಿ. ಆ ಮೇಲಿನ ಹಂತದಲ್ಲಿ, ದೋಷ ಹುಡುಕುವುದು ದಿನದ ಕೆಲಸವಾದವರು ಸಿಡಬ್ಲ್ಯುಎಪಿ ತೆಗೆದುಕೊಳ್ಳಲಿ, ಹೊಸ ಕಟ್ಟಡಗಳಿಗೆ ನಕ್ಷೆ ಹಾಕುವವರು ಸಿಡಬ್ಲ್ಯುಡಿಪಿ, ಆಸ್ಪತ್ರೆ ಅಥವಾ ಬ್ಯಾಂಕಿನ ನೆಟ್‌ವರ್ಕ್ ನೋಡಿಕೊಳ್ಳುವವರು ಸಿಡಬ್ಲ್ಯುಎಸ್‌ಪಿ.